ಎಷ್ಟು ಎಣಿಕೆಗೆ ಸ್ಟಾರ್ಟ್ ಆಗಬೇಕು?

ಕುಕ್ಕರಿನಲ್ಲಿ ಬೇಳೆ ಬೇಯಲು ಎಷ್ಟು ಸೀಟಿ ಬೇಕೆಂದು ಯಾರಾದರೂ ಕೇಳಿದರೆ ನೀವು ಯೋಚಿಸದೆಯೇ ಉತ್ತರ ಕೊಡುತ್ತೀರಿ. ದೋಸೆ ಹಿಟ್ಟು ಹುದುಗಲು ಎಷ್ಟು ಹೊತ್ತು, ಮಗು ಎಷ್ಟು ಗಂಟೆಗೊಮ್ಮೆ ಹಾಲಿಗೆ ಅಳುತ್ತದೆ, ಅತ್ತೆಯವರ ಮಾತ್ರೆ ಎಷ್ಟು ದಿನಕ್ಕೆ ಮುಗಿಯುತ್ತದೆ, ಎಲ್ಲವೂ ನಮಗೆ ಬಾಯಿಪಾಠ. ಆದರೆ ಅಂಗಳದ ಶೆಡ್ಡಿನಲ್ಲಿ ನಿಂತಿರುವ ಹಳೆಯ ಕಾರು ಕೀಲಿ ತಿರುಗಿಸಿದ ಮೇಲೆ ಎಷ್ಟು ಹೊತ್ತಿನಲ್ಲಿ ಸ್ಟಾರ್ಟ್ ಆಗುತ್ತದೆಂದು ಕೇಳಿದರೆ?

ಎರಡು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಒಬ್ಬ ಮೆಕ್ಯಾನಿಕ್ ನನಗೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದರ ಹಿಂದಿನ ರಾತ್ರಿ ನಡೆದದ್ದನ್ನು ಹೇಳಿದರೆ ಈ ಸಲ ಅಡುಗೆ, ಹೊಲಿಗೆ, ಮಕ್ಕಳ ವಿಷಯ ಬಿಟ್ಟು ಕಾರಿನ ವಿಷಯ ಎತ್ತಿಕೊಂಡದ್ದೇಕೆಂದು ನಿಮಗೆ ಅರ್ಥವಾದೀತು.

ಜುಲೈ ತಿಂಗಳು. ಕರಾವಳಿಯ ಮಳೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಮೂರು ವಾರಗಳಿಂದ ನಾವು ಕಾರನ್ನು ಮುಟ್ಟಿರಲಿಲ್ಲ. ಅದು 1998ರ ಮಾರುತಿ 800. ನನ್ನ ಗಂಡ ಸೌದಿಗೆ ಹೋಗುವ ಮೊದಲು ಕೊಂಡದ್ದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಿಕೊಂಡು ಬಂದಿದ್ದೆವು. ರಾತ್ರಿ ಎರಡು ಗಂಟೆಗೆ ಅತ್ತೆಯವರಿಗೆ ಉಬ್ಬಸ ಜೋರಾಯಿತು. ಪಂಪ್ ಎಳೆದರೂ ಉಸಿರು ಸಿಗುತ್ತಿಲ್ಲ. ನಾನು ಕೊಡೆ ಹಿಡಿದುಕೊಂಡು ಓಡಿ ಕಾರಿಗೆ ಕೀಲಿ ಹಾಕಿದೆ. 'ಕುರ್... ಕುರ್... ಕುರ್' ಎಂದಿತು. ಬಿಟ್ಟೆ, ಮತ್ತೆ ತಿರುಗಿಸಿದೆ. ಗಾಬರಿಯಲ್ಲಿ ಕೀಲಿ ಬಿಡದೆ ಹಿಡಿದೇ ಇದ್ದೆ. ಸದ್ದು ನಿಧಾನವಾಗುತ್ತಾ ಹೋಗಿ ಕೊನೆಗೆ 'ಟಕ್' ಎಂದು ನಿಂತೇ ಹೋಯಿತು.

ಕೊನೆಗೆ ಪಕ್ಕದ ಓಣಿಯ ಆಟೋದವರನ್ನು ಎಬ್ಬಿಸಿ ಆಸ್ಪತ್ರೆ ಸೇರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಅಲ್‌ಹಮ್ದುಲಿಲ್ಲಾಹ್, ಆಮ್ಲಜನಕ ಕೊಟ್ಟ ಮೇಲೆ ಅತ್ತೆಯವರ ಉಸಿರು ಹಿಡಿತಕ್ಕೆ ಬಂತು. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಅವರ ತುಟಿ ನೀಲಿಯಾಗುತ್ತಿದ್ದುದನ್ನು ನಾನು ಇಂದಿಗೂ ಮರೆತಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಕೇಳಿದ್ದು ಈ ಪ್ರಶ್ನೆ. "ಅಕ್ಕಾ, ದಿನಾ ಬೆಳಿಗ್ಗೆ ಎಷ್ಟು ಸೆಕೆಂಡಿಗೆ ಹಿಡಿಯುತ್ತಿತ್ತು?"

"ಗೊತ್ತಿಲ್ಲ ಅಣ್ಣಾ. ಹೇಗೋ ಸ್ಟಾರ್ಟ್ ಆಗುತ್ತಿತ್ತು."

"ಈ 'ಹೇಗೋ' ಎನ್ನುವುದರಲ್ಲೇ ಇರುವುದು ರೋಗ. ಗಾಡಿ ಒಂದೇ ದಿನದಲ್ಲಿ ಕೈ ಕೊಡುವುದಿಲ್ಲ. ತಿಂಗಳ ಮೊದಲೇ ಹೇಳಿರುತ್ತದೆ. ಕೇಳುವವರು ಬೇಕು" ಎಂದರು.

ಅಂದು ಅವರು ಹೇಳಿಕೊಟ್ಟದ್ದನ್ನೂ, ಆ ಮೇಲೆ ನಾನು ಓದಿ, ನೋಡಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ. ಗಂಡಸರು ಪರವೂರಿನಲ್ಲೋ ಪರದೇಶದಲ್ಲೋ ಇದ್ದು ಹಳೆಯ ಕಾರೊಂದು ಮನೆಯಲ್ಲಿ ಉಳಿದಿರುವ ಕುಟುಂಬಗಳು ನಮ್ಮಲ್ಲಿ ಬಹಳ.

ಮೊದಲು ಎಣಿಕೆ. ಎಣಿಸಲು ಗಡಿಯಾರ ಬೇಡ. ಅವಸರವಿಲ್ಲದೆ ಒಂದು ಸಲ 'ಸುಬ್‌ಹಾನಲ್ಲಾಹ್' ಎಂದರೆ ಸುಮಾರು ಒಂದು ಸೆಕೆಂಡ್. ಬಿಸ್ಮಿಲ್ಲಾಹ್ ಹೇಳಿ ಕೀಲಿ ತಿರುಗಿಸಿ, ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಸುಸ್ಥಿತಿಯಲ್ಲಿರುವ ಪೆಟ್ರೋಲ್ ಎಂಜಿನ್, ಅದು ಇಂಜೆಕ್ಷನ್ ಇರುವಂಥದ್ದಾದರೆ, ಅಂದರೆ ನಾವು ಎಂ.ಪಿ.ಎಫ್.ಐ. ಎನ್ನುವ ಬಗೆಯದ್ದಾದರೆ, ಒಂದು ಅಥವಾ ಎರಡು ಎಣಿಕೆಗೆ ಹಿಡಿಯಬೇಕು. ಕಾರು ಹತ್ತು ಹದಿನೈದು ವರ್ಷ ಹಳೆಯದಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ವಯಸ್ಸಾಯಿತೆಂದು ನಾಲ್ಕು ಐದು ಎಣಿಕೆಯನ್ನು ಸಹಜವೆಂದು ಒಪ್ಪಿಕೊಳ್ಳಬಾರದು.

ನಮ್ಮದರಂತೆ ಕಾರ್ಬುರೇಟರ್ ಇರುವ ಕಾರಿನ ಸ್ವಭಾವ ಬೇರೆ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿ ನಿಂತದ್ದು 2014ರಲ್ಲಿ. ಅದರ ಹಳೆಯ ಮಾದರಿಗಳೆಲ್ಲ ಕಾರ್ಬುರೇಟರಿನವು. ಅವುಗಳಲ್ಲಿ ಬೆಳಗಿನ ತಣ್ಣನೆಯ ಎಂಜಿನ್ನಿಗೆ ಚೋಕ್ ಎಳೆಯಬೇಕು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಅಂಶ ಹೆಚ್ಚಾಗುತ್ತದೆ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕಾಗಿ ಈ ಉಪಾಯ. ಹೀಗೆ ಮಾಡಿದಾಗ ಮೂರರಿಂದ ಐದು ಎಣಿಕೆಯೊಳಗೆ ಹಿಡಿದರೆ ಚಿಂತೆಯಿಲ್ಲ. ಒಮ್ಮೆ ಬಿಸಿಯಾದ ಮೇಲೆ ಚೋಕ್ ಇಲ್ಲದೆ ಒಂದೆರಡು ಎಣಿಕೆ ಸಾಕು.

ಕಾರು ಎರಡು ಮೂರು ವಾರ ನಿಂತಿದ್ದರೆ ಕಾರ್ಬುರೇಟರಿನ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಈ ಕಾರುಗಳ ಪೆಟ್ರೋಲ್ ಪಂಪ್ ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುವಂಥದ್ದು. ಹಾಗಾಗಿ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಆ ಬಟ್ಟಲು ತುಂಬುವವರೆಗೆ ಸೆಲ್ಫ್ ಹೊಡೆಯಲೇಬೇಕು. ಆಗ ಒಟ್ಟು ಹತ್ತು ಹದಿನೈದು ಎಣಿಕೆ ಹಿಡಿದರೂ ಅದು ರೋಗವಲ್ಲ, ಬಾಯಾರಿಕೆ. ಅಂದು ರಾತ್ರಿ ನಮ್ಮ ಕಾರಿಗೆ ಆದದ್ದು ಇದೇ. ಬಟ್ಟಲು ಒಣಗಿತ್ತು, ಅದನ್ನು ತುಂಬಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರಲಿಲ್ಲ.

ಡೀಸೆಲ್ ಗಾಡಿಯಾದರೆ ಮೊದಲು ಕೀಲಿಯನ್ನು ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಂಥ ದೀಪ ಆರುವವರೆಗೆ ಕಾಯಬೇಕು. ಒಳಗಿನ ಹೀಟರ್ ಪ್ಲಗ್ ಬಿಸಿಯಾಗುವ ಸಮಯ ಅದು. ಕಾಯದೆ ಸೆಲ್ಫ್ ಹೊಡೆದು ಗಾಡಿಯನ್ನು ಬೈಯುವುದು, ಬಾಣಲೆ ಕಾಯುವ ಮೊದಲೇ ಒಗ್ಗರಣೆ ಹಾಕಿ ಸಾಸಿವೆ ಸಿಡಿಯಲಿಲ್ಲವೆಂದು ದೂರಿದಂತೆ.

ಎರಡನೆಯದು ಕಿವಿ. ಎಣಿಕೆ ಹೆಚ್ಚಾದಾಗ ಸದ್ದು ಯಾವ ಬಗೆಯದ್ದೆಂದು ಗಮನಿಸಿದರೆ ಅರ್ಧ ರೋಗ ನಿಮಗೇ ತಿಳಿಯುತ್ತದೆ.

ಎಂಜಿನ್ ನಿಧಾನವಾಗಿ, ಎಳೆದೆಳೆದು ತಿರುಗುತ್ತಿದ್ದರೆ ಅದು ಬ್ಯಾಟರಿಯ ಕಡೆಯ ತೊಂದರೆ. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೂ ಹೀಗಾಗುತ್ತದೆ. ಸೆಲ್ಫ್ ಮೋಟಾರಿಗೆ ಕ್ಷಣಮಾತ್ರದಲ್ಲಿ ನೂರು ಆಂಪಿಯರಿಗೂ ಹೆಚ್ಚು ವಿದ್ಯುತ್ ಬೇಕು. ನಡುವೆ ಆ ಪುಡಿ ಅಡ್ಡ ಕುಳಿತರೆ ಹೊಸ ಬ್ಯಾಟರಿಯೂ ಮುದುಕನಂತೆ ಏದುಸಿರು ಬಿಡುತ್ತದೆ. ಬರೀ 'ಟಕ್ ಟಕ್' ಎಂದು ಎಂಜಿನ್ ಅಲುಗಾಡದಿದ್ದರೆ ಹೆಡ್‌ಲೈಟ್ ಹಾಕಿ ನೋಡಿ. ಕೀಲಿ ತಿರುಗಿಸಿದಾಗ ಬೆಳಕು ತೀರ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್. ಬೆಳಕು ಹಾಗೆಯೇ ಇದ್ದರೆ ತೊಂದರೆ ಸೆಲ್ಫ್ ಮೋಟಾರಿನ ಕಡೆಗಿದೆ.

ಎಂಜಿನ್ ಚುರುಕಾಗಿ ತಿರುಗಿಯೂ ಹಿಡಿಯುತ್ತಿಲ್ಲವೆಂದರೆ ಬ್ಯಾಟರಿಯನ್ನು ದೂರಬೇಡಿ. ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಹುಟ್ಟುತ್ತಿಲ್ಲ. ಮಳೆಗಾಲದಲ್ಲಿ ಪ್ಲಗ್ ವೈರ್ ಮತ್ತು ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ಹಿಡಿದರೆ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಕೆಲವೊಮ್ಮೆ ಅಷ್ಟರಲ್ಲೇ ಸರಿಹೋಗುತ್ತದೆ. ಒರೆಸುವಾಗ ಕೀಲಿ ತೆಗೆದಿರಲಿ. ಇಲಿ ವೈರ್ ಕಡಿದಿರುವುದೂ ನಮ್ಮ ಕಡೆ ಸಾಮಾನ್ಯ. ಪೆಟ್ರೋಲಿನ ವಾಸನೆ ಗಾಢವಾಗಿ ಬಂದರೆ ಎಂಜಿನ್ ಪೆಟ್ರೋಲಿನಲ್ಲಿ ನೆನೆದು ಹೋಗಿದೆ ಎಂದರ್ಥ. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಪದೇ ಪದೇ ಪಂಪ್ ಮಾಡಬಾರದು.

ಇಂಜೆಕ್ಷನ್ ಕಾರಿನಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಕೀಲಿಯನ್ನು 'ಆನ್' ಮಾಡಿ ನಿಲ್ಲಿಸಿ. ಹಿಂದಿನಿಂದ ಒಂದೆರಡು ಸೆಕೆಂಡ್ 'ಝುಂಯ್' ಎಂಬ ಪಂಪಿನ ಸದ್ದು ಕೇಳುತ್ತದೆ. ಆಫ್ ಮಾಡಿ, ಮತ್ತೊಮ್ಮೆ ಆನ್ ಮಾಡಿ, ಬಳಿಕ ಸೆಲ್ಫ್ ಹೊಡೆಯಿರಿ. ಮೊದಲು ಐದು ಎಣಿಕೆ ತೆಗೆದುಕೊಳ್ಳುತ್ತಿದ್ದ ಕಾರು ಹೀಗೆ ಮಾಡಿದಾಗ ಒಂದೇ ಎಣಿಕೆಗೆ ಹಿಡಿದರೆ, ರಾತ್ರಿ ನಿಂತಾಗ ಪೈಪಿನಲ್ಲಿ ಪೆಟ್ರೋಲಿನ ಒತ್ತಡ ಉಳಿಯುತ್ತಿಲ್ಲವೆಂದು ತಿಳಿಯಬಹುದು. ಇಷ್ಟನ್ನು ಮೆಕ್ಯಾನಿಕ್ಕಿಗೆ ಹೇಳಿದರೆ ಸಾಕು, ಊಹೆಯ ಮೇಲೆ ಪಾರ್ಟ್ಸ್ ಬದಲಿಸುವ ಖರ್ಚು ಉಳಿಯುತ್ತದೆ. ಹೆಂಗಸರಿಗೆ ಏನು ತಿಳಿಯುತ್ತದೆ ಎಂದುಕೊಂಡು ಬಿಲ್ ಬೆಳೆಸುವವರೂ ಇರುವುದರಿಂದ ಈ ಮಾತು ಹೇಳುತ್ತಿದ್ದೇನೆ.

ಮೂರನೆಯದು ನಾನು ಮಾಡಿದ ತಪ್ಪು. ಕೀಲಿಯನ್ನು ಹತ್ತು ಎಣಿಕೆಗಿಂತ ಹೆಚ್ಚು ಹಿಡಿಯಬಾರದು. ಬಿಟ್ಟು, ಅರ್ಧ ನಿಮಿಷ ಸುಮ್ಮನಿದ್ದು ಮತ್ತೆ ಪ್ರಯತ್ನಿಸಬೇಕು. ಸೆಲ್ಫ್ ಮೋಟಾರ್ ಬೇಗ ಕಾದು ಸುಟ್ಟುಹೋಗುವಂಥದ್ದು. ನಡುವಿನ ಆ ಅರ್ಧ ನಿಮಿಷದಲ್ಲಿ ಬ್ಯಾಟರಿಯೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಲೈಟ್, ಫ್ಯಾನ್, ಎ.ಸಿ. ಎಲ್ಲ ಆಫ್ ಇರಲಿ. ಗೇರ್ ನ್ಯೂಟ್ರಲ್ ಇದೆಯೆಂದು ಖಚಿತಪಡಿಸಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಒತ್ತಿ ಸೆಲ್ಫ್ ಹೊಡೆದರೆ ಮೋಟಾರಿನ ಭಾರ ಕಡಿಮೆಯಾಗುತ್ತದೆ. ಗಾಬರಿಯಲ್ಲಿ ಇವೆಲ್ಲ ನೆನಪಾಗುವುದಿಲ್ಲ. ಆದ್ದರಿಂದ ಗಾಬರಿಯಿಲ್ಲದ ದಿನಗಳಲ್ಲಿ ಇದನ್ನೇ ಅಭ್ಯಾಸ ಮಾಡಿಕೊಳ್ಳಬೇಕು.

ಮೆಕ್ಯಾನಿಕ್ ಅಂದು ಮೀಟರ್ ಹಚ್ಚಿ ತೋರಿಸಿದರು. ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧದಷ್ಟೇ ಉಳಿದಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 14ರ ಆಸುಪಾಸಿನಲ್ಲಿರಬೇಕು. ಇಲ್ಲದಿದ್ದರೆ ಚಾರ್ಜ್ ಆಗುತ್ತಿಲ್ಲ. ನಮ್ಮ ಬ್ಯಾಟರಿಗೆ ಐದು ವರ್ಷ ದಾಟಿತ್ತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷವೇ ಅದರ ಆಯುಷ್ಯ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ಬಂತು. ವಾರಕ್ಕೊಮ್ಮೆ ಕಾರನ್ನು ಇಪ್ಪತ್ತು ನಿಮಿಷವಾದರೂ ರಸ್ತೆಯಲ್ಲಿ ಓಡಿಸುತ್ತೇನೆ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸೆಲ್ಫಿಗೆ ಖರ್ಚಾದ ಚಾರ್ಜ್ ಕೂಡ ಸರಿಯಾಗಿ ಮರಳುವುದಿಲ್ಲ. ಅದಲ್ಲದೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳನ್ನು ಆ ಕಡೆ ಬಿಡಲೇಬೇಡಿ. ತಿಂಗಳಿಗೊಮ್ಮೆ ಟರ್ಮಿನಲ್ ನೋಡುತ್ತೇನೆ. ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಸವರುತ್ತೇನೆ. ಕೂಡಿಸುವಾಗ ಮೈನಸ್ ಕೊನೆಗೆ. ಹಳೆಯ ಕಾರಿನ ಪೆಟ್ರೋಲ್ ಪೈಪುಗಳನ್ನೂ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಸಾಮಾನ್ಯವಾಗಿದೆ. ಹಳೆಯ ರಬ್ಬರಿಗೆ ಅದು ಹಿಡಿಸುವುದಿಲ್ಲ, ಅದು ತೇವವನ್ನೂ ಹೀರಿಕೊಳ್ಳುತ್ತದೆ. ನಿಲ್ಲುವ ಕಾರಿಗೆ ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್ ಬೇಡ.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಆ ದಿನದ ಎಣಿಕೆ ಬರೆಯುತ್ತೇನೆ. ನಾಲ್ಕು, ನಾಲ್ಕು, ಐದು. ಒಮ್ಮೆ ಏಳು ಬಂದರೆ ವಿಚಾರಿಸಬೇಕು. ಪ್ರತಿ ವಾರವೂ ಏರುತ್ತಿದ್ದರೆ ಕಾಯಬಾರದು.

ಹೆಣ್ಣಿಗೇಕೆ ಈ ಉಸಾಬರಿ ಎನ್ನುವವರಿಗೆ ಒಂದು ಮಾತು. ಹಿಂದೆ ಎಂಜಿನ್ ಸ್ಟಾರ್ಟ್ ಮಾಡಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹೊಡೆಯಬೇಕಿತ್ತು. ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಹಾಕುವ ಕಿಂಡಿ ಇದ್ದದ್ದು ಹಿರಿಯರಿಗೆ ನೆನಪಿರಬಹುದು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ಮೇಲೆ ತೋಳ್ಬಲದ ಅಗತ್ಯ ಹೋಯಿತು. ಹೆಂಗಸರು ಕಾರು ಓಡಿಸುವುದು ಹೆಚ್ಚಲು ಅದೂ ಒಂದು ಕಾರಣ. ನನ್ನ ಗಂಡ ದುಡಿಯುವ ಸೌದಿಯಲ್ಲಿಯೇ 2018ರ ಜೂನ್ 24ರಿಂದ ಮಹಿಳೆಯರು ಸ್ವತಃ ಕಾರು ಓಡಿಸುತ್ತಿದ್ದಾರೆ. ಓಡಿಸುವವರಿಗೆ ಅದರ ಆರೋಗ್ಯ ತಿಳಿದಿರಬೇಡವೇ?

ಇನ್ನು ಎಣಿಕೆಯ ಕಥೆಯ ಎರಡನೇ ಭಾಗ.

ಹೊಸ ಬ್ಯಾಟರಿ ಹಾಕಿಸಿದೆವು, ಪ್ಲಗ್ ಬದಲಿಸಿದೆವು, ಕಾರ್ಬುರೇಟರ್ ತೊಳೆಸಿದೆವು. ಮಧ್ಯಾಹ್ನ ಒಂದೇ ಎಣಿಕೆಗೆ ಹಿಡಿಯುತ್ತಿತ್ತು. ಆದರೆ ಬೆಳಗ್ಗೆ ತಣ್ಣಗಿರುವಾಗ ಎಂಟು ಒಂಬತ್ತು ಎಣಿಕೆಯಿಂದ ಕೆಳಗಿಳಿಯಲಿಲ್ಲ. ಮೆಕ್ಯಾನಿಕ್ ಕಂಪ್ರೆಷನ್ ಅಳೆದು ನೋಡಿ, ಒಳಗೆ ಪಿಸ್ಟನ್ ರಿಂಗ್ ಸವೆದಿದೆ ಎಂದರು. ಎಂಜಿನ್ ಬಿಚ್ಚುವ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾಗುತ್ತಿತ್ತು. ಮಾರಿಬಿಡೋಣವೆಂದು ಮನೆಯಲ್ಲಿ ತೀರ್ಮಾನವಾಯಿತು. ಬಂದ ಹಣದಲ್ಲಿ ಮಗಳ ಕಾಲೇಜಿನ ಫೀಸಿನ ಕೊನೆಯ ಕಂತು ಕಟ್ಟಬೇಕಿತ್ತು.

ನೋಡಲು ಒಬ್ಬರು ಬೆಳಗ್ಗೆ ಹತ್ತಕ್ಕೆ ಬರುವವರಿದ್ದರು. ಒಂಬತ್ತೂವರೆಗೆ ಮೈದುನ ಕೀಲಿ ಕೇಳಿದ.

"ಅತ್ತಿಗೆ, ಒಂದು ಸುತ್ತು ಹಾಕಿ ಬಿಸಿ ಮಾಡಿ ತಂದಿಡುತ್ತೇನೆ. ಅವರು ಬಂದಾಗ ಟಪ್ಪನೆ ಸ್ಟಾರ್ಟ್ ಆಗುತ್ತದೆ. ಎಲ್ಲರೂ ಮಾಡುವುದು ಹೀಗೆಯೇ."

ನಾನು ಕೀಲಿ ಕೊಡಲು ಕೈ ಚಾಚಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಫೀಸಿನ ಲೆಕ್ಕ ತಲೆಯಲ್ಲಿತ್ತು. ಒಳಗೆ ತಸ್ಬೀಹ್ ಹಿಡಿದು ಕುಳಿತಿದ್ದ ಅತ್ತೆಯವರು ಮಗನನ್ನು ಕರೆದರು.

"ಅಲ್ಲ ಮಗಾ, ಕೊಂಡುಹೋಗುವವರ ಮನೆಯಲ್ಲಿ ಮುದುಕಿಯರು ಇರುವುದಿಲ್ಲವೇ? ರಾತ್ರಿ ಎರಡು ಗಂಟೆಗೆ ಅವರ ಉಸಿರು ಕಟ್ಟಿದರೆ ಆಗ ಗಾಡಿಯನ್ನು ಬಿಸಿ ಮಾಡಿಡಲು ನೀನು ಹೋಗುತ್ತೀಯಾ?"

ಯಾರೂ ಮಾತಾಡಲಿಲ್ಲ. ಕೀಲಿ ಮೊಳೆಗೆ ಮರಳಿತು.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಅಡಿಯಲ್ಲಿ ಒದ್ದೆಯಿದ್ದ ಘಟನೆ ನಮಗೆಲ್ಲ ತಿಳಿದಿದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಆ ವ್ಯಾಪಾರಿ ಧಾನ್ಯಕ್ಕೆ ನೀರು ಹಾಕಿರಲಿಲ್ಲ. ಒದ್ದೆಯಾದದ್ದನ್ನು ಒಣಗಿದ್ದರ ಕೆಳಗೆ ಇಟ್ಟಿದ್ದ, ಅಷ್ಟೆ. ನಾವು ಕೂಡ ಎಂಜಿನ್ನನ್ನು ಕೆಡಿಸಲು ಹೊರಟಿರಲಿಲ್ಲ. ಕೆಟ್ಟದ್ದರ ಮೇಲೆ ಅರ್ಧ ಗಂಟೆಯ ಬಿಸಿ ಹೊದಿಸಲು ಹೊರಟಿದ್ದೆವು.

ಬಂದವರು ಹೆಂಡತಿಯನ್ನೂ ಕರೆತಂದಿದ್ದರು. ಕೀಲಿ ತಿರುಗಿಸಿದರು. ನಾನು ಬಾಗಿಲ ಹಿಂದೆ ನಿಂತು ಎಣಿಸಿದೆ. ಒಂಬತ್ತು. ಮೈದುನ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ಬೇಡವೆಂದು ಹೋದರು. ಎರಡು ವಾರ ಯಾರೂ ಬರಲಿಲ್ಲ. ಫೀಸಿಗೆ ನನ್ನ ಒಂದು ಜೊತೆ ಬಳೆಯನ್ನು ಮಾರಬೇಕಾಯಿತು. ಇದನ್ನು ಹೇಳದಿದ್ದರೆ ಸತ್ಯ ಹೇಳುವುದಕ್ಕೆ ಖರ್ಚೇ ಇಲ್ಲವೆಂದು ನೀವು ತಿಳಿಯಬಹುದು.

ಆ ಮೇಲೆ ಡ್ರೈವಿಂಗ್ ಕಲಿಸುವವರೊಬ್ಬರು ಬಂದು, ತಾವೇ ಎಂಜಿನ್ ಕೆಲಸ ಮಾಡಿಸಿಕೊಳ್ಳುವುದಾಗಿ ಹೇಳಿ ನಾವು ಎಣಿಸಿದ್ದಕ್ಕಿಂತ ಎಂಟು ಸಾವಿರ ಕಡಿಮೆಗೆ ಕೊಂಡರು. ಕ್ಯಾಲೆಂಡರಿನ ಲೆಕ್ಕವನ್ನೂ ಅವರ ಕೈಗೆ ಕೊಟ್ಟೆ.

ಸಹೋದರಿಯರೇ, ಹಳೆಯ ಕಾರು ಮಾರುವವರು ನೀವಾಗಿದ್ದರೆ ತಣ್ಣಗಿರುವಾಗಲೇ ತೋರಿಸಿ. ಕೊಳ್ಳುವವರಾಗಿದ್ದರೆ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ನೀವು ಬರುವ ಮೊದಲೇ ಬಿಸಿಯಾಗಿದ್ದರೆ, ಸಂಜೆಯೋ ಮರುದಿನ ಬೆಳಗ್ಗೆಯೋ ಮತ್ತೆ ಬರುತ್ತೇನೆಂದು ಹೇಳಲು ಸಂಕೋಚ ಬೇಡ.

ಈಗ ನಮ್ಮಲ್ಲಿರುವುದು ಹನ್ನೆರಡು ವರ್ಷ ಹಳೆಯ ಇಂಜೆಕ್ಷನ್ ಕಾರು. ಇಂದು ಫಜ್ರ್ ನಮಾಝಿನ ಬಳಿಕ ಸ್ಟಾರ್ಟ್ ಮಾಡಿದೆ. ಎರಡು ಎಣಿಕೆ. ಕಿಟಕಿಯಲ್ಲಿ ಕುಳಿತಿದ್ದ ಅತ್ತೆಯವರು ಕೂಗಿ ಕೇಳಿದರು, "ಎಷ್ಟಾಯಿತು ಮಗಳೇ?"